ಡೀಸೆಲ್ ಇಳಿಸಿ ಮೋಟಾರ್ ಕೂರಿಸಿದ ಕಥೆ

ನಮ್ಮ ಹಾಯಿದೋಣಿಯ ಒಳಗಿನ ಮೇಜಿನ ಖಾನೆಯಲ್ಲಿ ಒಂದು ನೀಲಿ ನೋಟ್‌ಬುಕ್ ಇದೆ. ಒಂದು ವರ್ಷ ಪೂರ್ತಿ ಅದರಲ್ಲಿ ನಾನು ಬರೆದದ್ದು ಒಂದೇ ವಿಷಯ. ಇಂಜಿನ್ ಯಾವಾಗ ಶುರು ಮಾಡಿದೆ, ಯಾವಾಗ ನಿಲ್ಲಿಸಿದೆ, ಅಷ್ಟೇ. ವರ್ಷ ಮುಗಿದ ಮೇಲೆ ಕೂತು ಎಣಿಸಿದೆ. ಒಟ್ಟು 62 ಸಲ ಶುರು ಮಾಡಿದ್ದೆ. ಅದರಲ್ಲಿ 51 ಸಲ ಅರ್ಧ ಗಂಟೆಯೊಳಗೇ ನಿಲ್ಲಿಸಿದ್ದೆ. ಒಂದು ಗಂಟೆ ದಾಟಿದ್ದು ನಾಲ್ಕೇ ಸಲ.

ಅಂದರೆ ಜೆಟ್ಟಿಯಿಂದ ಹೊರಗೆ ಹೋಗಿ ಹಾಯಿ ಏರಿಸುವವರೆಗೆ ಒಂದು ಸಲ, ಸಂಜೆ ಹಾಯಿ ಇಳಿಸಿ ಜೆಟ್ಟಿಗೆ ಬರಲು ಇನ್ನೊಂದು ಸಲ. ಉಳಿದ ಕೆಲಸವೆಲ್ಲ ಗಾಳಿಯದ್ದು. ಇಷ್ಟಕ್ಕಾಗಿ 180 ಕಿಲೋ ತೂಕದ, 18 ಅಶ್ವಶಕ್ತಿಯ ಡೀಸೆಲ್ ಇಂಜಿನ್ನನ್ನು ಹೊತ್ತು ತಿರುಗುತ್ತಿದ್ದೆವು.

ಡೀಸೆಲ್ ಇಂಜಿನ್‌ಗೆ ಇಂಥ ಬಳಕೆಯೇ ಒಳ್ಳೆಯದಲ್ಲ. ಅದು ಚೆನ್ನಾಗಿ ಬಿಸಿಯಾಗಬೇಕು, ಭಾರ ಎಳೆಯಬೇಕು, ಗಂಟೆಗಟ್ಟಲೆ ಓಡಬೇಕು. ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸುತ್ತಾ ಬಂದರೆ ಒಳಗೆ ಮಸಿ ಕಟ್ಟುತ್ತದೆ. ಹೊಗೆಯೂ ಇಂಜಿನ್ನನ್ನು ತಂಪು ಮಾಡಿ ಬಂದ ಸಮುದ್ರದ ನೀರೂ ಸೇರುವ ಕಡೆ ಒಂದು ಬಾಗಿದ ಪೈಪ್ ಇರುತ್ತದೆ. ನಮ್ಮ ದೋಣಿಯ ಆ ಪೈಪನ್ನು ಬಿಚ್ಚಿ ನೋಡಿದಾಗ ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ ಕೂಡ ಕಷ್ಟಪಟ್ಟು ಹೋಯಿತು. ಟ್ಯಾಂಕಿನ ತಳದಲ್ಲಿ ನೀರು ಸೇರಿ, ನೀರು ಮತ್ತು ಡೀಸೆಲ್ ನಡುವೆ ಲೋಳೆ ಬೆಳೆದಿತ್ತು. ಸಮುದ್ರ ಶಾಂತವಾಗಿದ್ದಾಗ ಅದು ಸುಮ್ನೆ ತಳದಲ್ಲಿರುತ್ತದೆ. ಅಲೆ ಎದ್ದಾಗ ಕದಡಿ ಮೇಲೆ ಬಂದು ಫಿಲ್ಟರ್ ಕಟ್ಟುತ್ತದೆ. ಹಾಗಾಗಿ ಇಂಜಿನ್ ಕೈಕೊಡುತ್ತಿದ್ದದ್ದು ನಮಗೆ ಅದು ಬೇಕೇ ಬೇಕಾದ ಹೊತ್ತಿನಲ್ಲೇ. ಕೊನೆಗೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರಿನ ಮುಚ್ಚಳದ ಕೆಳಗೆ ಸೋರದಂತೆ ಇಡುವ ಹಾಳೆ ಹೋಯಿತು. ಉಪ್ಪು ನೀರು ಸಿಲಿಂಡರ್ ಒಳಗೆ ಬಂತು. ರಿಪೇರಿ ಮಾಡಿಸುವುದೋ, ಬೇರೆ ಡೀಸೆಲ್ ಹಾಕುವುದೋ, ಇಲ್ಲಾ ಬ್ಯಾಟರಿಯಿಂದ ಓಡುವ ಎಲೆಕ್ಟ್ರಿಕ್ ಮೋಟಾರೋ? ನೋಟ್‌ಬುಕ್ ತೆರೆದು ಗೆಳೆಯನ ಮುಂದೆ ಇಟ್ಟೆ. ಅವನು ಎಲೆಕ್ಟ್ರಿಕಲ್ ಕೆಲಸದವನು. ಗೋದಾಮುಗಳಲ್ಲಿ ಓಡುವ ಫೋರ್ಕ್‌ಲಿಫ್ಟ್‌ಗಳ ಬ್ಯಾಟರಿ, ಮೋಟಾರ್ ಎಲ್ಲ ಅವನಿಗೆ ಅಂಗೈ ಗೆರೆಯಷ್ಟು ಪರಿಚಯ.

ಪುಟ ತಿರುವಿ ನೋಡಿ ಅವನು ಕೇಳಿದ್ದು ಒಂದೇ ಪ್ರಶ್ನೆ. "ಆ ನಾಲ್ಕು ದಿನ ಇಂಜಿನ್ ಇರಲಿಲ್ಲ ಅಂದಿದ್ರೆ ಏನು ಮಾಡ್ತಿದ್ದೆ?"

ಯೋಚಿಸಿದೆ. ಎರಡು ದಿನ ಗಾಳಿಗಾಗಿ ಕಾಯುತ್ತಿದ್ದೆ. ಒಂದು ದಿನ ಹೊರಡುತ್ತಲೇ ಇರಲಿಲ್ಲ. ಇನ್ನೊಂದು ದಿನ ಮಾತ್ರ ನಿಜವಾಗಿಯೂ ಕಷ್ಟವಾಗುತ್ತಿತ್ತು.

"ಹಂಗಾದ್ರೆ ಮಾಡಬಹುದು ಕಣೋ," ಅಂದ. "ಆದ್ರೆ ಮೊದಲು ಲೆಕ್ಕ ಮಾಡು."

ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದೆ ಈ ಕೆಲಸಕ್ಕೆ ಕೈ ಹಾಕಿದರೆ ಆಮೇಲೆ ಬೇಜಾರಾಗುತ್ತದೆ.

ಒಂದು ಲೀಟರ್ ಡೀಸೆಲ್‌ನಲ್ಲಿ ಹೆಚ್ಚುಕಡಿಮೆ 10 ಯೂನಿಟ್, ಅಂದರೆ 10 ಕಿಲೋವ್ಯಾಟ್ ಅವರ್ ಶಕ್ತಿ ಇರುತ್ತದೆ. ಸಣ್ಣ ಇಂಜಿನ್ ಅದರ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಕಳೆಯುತ್ತದೆ, ಕಾಲು ಪಾಲು ಪ್ರೊಪೆಲರ್ ತಿರುಗಿಸುವ ಶಾಫ್ಟ್‌ಗೆ ಸಿಗುತ್ತದೆ. ಹಾಗೆ ನೋಡಿದರೂ ನಮ್ಮ 60 ಲೀಟರ್ ಟ್ಯಾಂಕಿನಿಂದ ಶಾಫ್ಟ್‌ಗೆ 150 ಯೂನಿಟ್ ಸಿಗುತ್ತಿತ್ತು. ನಾವು ಹಾಕಬಹುದಾಗಿದ್ದ ಬ್ಯಾಟರಿ ಎಷ್ಟು? 14 ಯೂನಿಟ್ ಚಿಲ್ಲರೆ. ಮೋಟಾರ್ ನಷ್ಟ ಮಾಡುವುದು ತೀರಾ ಕಮ್ಮಿ ಅನ್ನೋದು ನಿಜ. ಆದರೂ ಬ್ಯಾಟರಿ ತುಂಬಿದ ನಮ್ಮ ದೋಣಿ ಅಂದರೆ, ಟ್ಯಾಂಕಿನಲ್ಲಿ ನಾಲ್ಕೈದು ಲೀಟರ್ ಡೀಸೆಲ್ ಇರುವ ದೋಣಿ ಅಂತಲೇ ತಿಳಿಯಬೇಕು.

ಇದರ ಎದುರಿಗೆ ಇನ್ನೊಂದು ಲೆಕ್ಕ ಇದೆ. ನೀರಿನಲ್ಲಿ ವೇಗ ಹೆಚ್ಚಿಸಿದಂತೆ ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು ಬೇಕು. ಅದನ್ನೇ ತಿರುಗಿಸಿ ಓದಿ. ವೇಗ ಸ್ವಲ್ಪ ಇಳಿಸಿದರೆ ಶಕ್ತಿ ಸಿಕ್ಕಾಪಟ್ಟೆ ಉಳಿಯುತ್ತದೆ. ನಮ್ಮದು 30 ಅಡಿಯ ದೋಣಿ, ನೀರಿಗೆ ತಾಗುವ ಉದ್ದ 25 ಅಡಿ, ತೂಕ ನಾಲ್ಕೂವರೆ ಟನ್. ಇಂಥ ದೋಣಿಯ ವೇಗಕ್ಕೆ ನೀರೇ ಒಂದು ಮಿತಿ ಹಾಕುತ್ತದೆ. ಆ 25ರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವ 6.7 ನಾಟ್, ಅಂದರೆ ಗಂಟೆಗೆ 6.7 ನಾಟಿಕಲ್ ಮೈಲಿ (ಸುಮಾರು 12 ಕಿಲೋಮೀಟರ್) ಆ ಮಿತಿ. ಅದರ ಹತ್ತಿರ ಹೋದಂತೆ ದೋಣಿ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಷ್ಟು ಶಕ್ತಿ ಸುರಿದರೂ ಅದು ಅಲೆ ಎಬ್ಬಿಸಲಿಕ್ಕೇ ಹೋಗುತ್ತದೆ. ಡೀಸೆಲ್ ಇದ್ದಾಗ ನಾವು ಇದನ್ನು ಗಮನಿಸಿರಲೇ ಇಲ್ಲ. ಲಿವರ್ ಮುಂದಕ್ಕೆ ತಳ್ಳಿ ಕೂತಿರುತ್ತಿದ್ದೆವು.

ಹಡಗಿಗೆ ಕರೆಂಟ್ ಹೊಸದೇನೂ ಅಲ್ಲ. 1838ರಲ್ಲೇ ಮೊರಿಟ್ಜ್ ಯಾಕೋಬಿ ಸೇಂಟ್ ಪೀಟರ್ಸ್‌ಬರ್ಗ್‌ನ ನೆವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ಓಡಿಸಿದ್ದ. ರುಡಾಲ್ಫ್ ಡೀಸೆಲ್‌ನ ಇಂಜಿನ್ ಸರಿಯಾಗಿ ಓಡಿದ್ದು 1897ರಲ್ಲಿ. ಮೋಟಾರ್ ಮೊದಲೇ ಇತ್ತು, ಸಾಕಷ್ಟು ಶಕ್ತಿ ಹಿಡಿಯುವ ಬ್ಯಾಟರಿ ಇರಲಿಲ್ಲ, ಅಷ್ಟೇ. ನಾವು ಹಾಕಿದ್ದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಎನಫ್ ಈ ವಸ್ತುವಿನ ಬಗ್ಗೆ ಪ್ರಬಂಧ ಪ್ರಕಟಿಸಿದ್ದು 1997ರಲ್ಲಿ. ಅವರಲ್ಲಿ ಗುಡ್‌ಎನಫ್‌ಗೆ 2019ರಲ್ಲಿ ನೊಬೆಲ್ ಬಂತು. ಫೋನಿನಲ್ಲಿರುವ ಬೇರೆ ಬಗೆಯ ಲಿಥಿಯಂ ಬ್ಯಾಟರಿಗಳಿಗಿಂತ ಇದು ತೂಕದಲ್ಲಿ ಜಾಸ್ತಿ. ಆದರೆ ಬಿಸಿಯಾದರೂ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ನಾವು ಮಲಗುವ ಮಂಚದಿಂದ ನಾಲ್ಕಡಿ ದೂರದಲ್ಲಿ ಇಡುವ ವಸ್ತುವಿಗೆ ಆ ಒಂದು ಗುಣವೇ ಸಾಕು ಅನಿಸಿತು.

ಸೀಸದ ಬ್ಯಾಟರಿ ಯಾಕೆ ಬೇಡ ಅಂತ ಕೆಲವರು ಕೇಳಿದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯಸ್ಸು ಕಮ್ಮಿಯಾಗುತ್ತದೆ. ವೇಗವಾಗಿ ಎಳೆದರೆ ಹೇಳಿದಷ್ಟು ಕೊಡುವುದೇ ಇಲ್ಲ. ಅಷ್ಟೇ ಶಕ್ತಿಗೆ ನಾನೂರು ಕಿಲೋಗಿಂತ ಜಾಸ್ತಿ ತೂಕ ಹೊರಬೇಕಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

ಇಂಜಿನ್ ಎತ್ತಿದ ದಿನ ಗಾಳಿಯೇ ಇರಲಿಲ್ಲ. ಅಂಥ ದಿನಕ್ಕಾಗಿಯೇ ಕಾದಿದ್ದೆವು. ಡೀಸೆಲ್ ಇಂಜಿನ್‌ಗಳ ನಡುವೆಯೇ ಬದುಕು ಕಳೆದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದಿದ್ದರು. ನಾವು ಅವರನ್ನು ಅಣ್ಣ ಅಂತಲೇ ಕರೆಯುವುದು. ಹಿಂದಿನ ಎರಡು ದಿನಗಳಲ್ಲಿ ಎಣ್ಣೆ ಬಸಿದು, ಡೀಸೆಲ್ ಪೈಪ್, ನೀರಿನ ಪೈಪ್, ಹೊಗೆ ಪೈಪ್, ವೈರುಗಳು, ಲಿವರ್ ಕೇಬಲ್‌ಗಳು ಎಲ್ಲವನ್ನೂ ಬಿಚ್ಚಿದ್ದೆ. ಪ್ರತಿ ವೈರಿಗೂ ಚೀಟಿ ಅಂಟಿಸಿ ಫೋಟೋ ತೆಗೆದಿಟ್ಟಿದ್ದೆ. ಗೇರ್‌ಬಾಕ್ಸನ್ನು ಬೇರೆ ಮಾಡಿ ಮೊದಲೇ ಹೊರಗೆ ತಂದೆವು. ಉಳಿದ ಇಂಜಿನ್ ಸುಮಾರು ನೂರೈವತ್ತು ಕಿಲೋ.

ದೋಣಿಯ ಬೂಮ್, ಅಂದರೆ ದೊಡ್ಡ ಹಾಯಿಯ ಬುಡಕ್ಕಿರುವ ಅಡ್ಡಕಂಬವೇ ನಮಗೆ ಕ್ರೇನು. ಅದಕ್ಕೆ ಚೈನ್ ಬ್ಲಾಕ್ ತೂಗುಹಾಕಲು ಹೋದೆ. ಅಣ್ಣ ತಡೆದರು.

"ಬೂಮ್ ಒಂದನ್ನೇ ನಂಬಬೇಡಿ. ಭಾರ ಬೀಳೋ ಜಾಗಕ್ಕೇ ಮೇಲಿಂದ ಹಗ್ಗ ತನ್ನಿ. ಅದರ ಜೊತೆ ಇನ್ನೊಂದು ಹಗ್ಗ, ಸುಮ್ನೆ ಇರಲಿ."

ಹಾಯಿ ಏರಿಸುವ ಹಗ್ಗವನ್ನು ಚೈನ್ ಬ್ಲಾಕ್ ತೂಗುವ ಜಾಗಕ್ಕೇ ತಂದು ಕಟ್ಟಿದೆವು. ಆಮೇಲೆ ಶುರು. ಚೈನ್ ಎಳೆದಾಗ ಟಿಕ್ ಟಿಕ್ ಅಂತ ಒಂದೊಂದೇ ಹಲ್ಲು. ಬುಡದ ರಬ್ಬರ್ ಮೌಂಟ್‌ಗಳಿಂದ ಇಂಜಿನ್ ಏಳುವಾಗ ಜೌಗಿನಿಂದ ಕಾಲು ಕಿತ್ತಂಥ ಸದ್ದು ಬಂತು. ಮೆಟ್ಟಿಲ ಬಾಗಿಲಿನಲ್ಲಿ ಅತ್ತಿತ್ತ ಎರಡೇ ಬೆರಳು ಜಾಗ. ಗೆಳೆಯ ಒಳಗಿನಿಂದ ಕೈ ಆಸರೆ ಕೊಟ್ಟು ತಿರುಗಿಸುತ್ತಿದ್ದ, ನಾನು ಹೊರಗಿನಿಂದ. ಇಂಜಿನ್ ಪೂರ್ತಿ ಹೊರಬಂದು ನಮ್ಮ ನಡುವೆ ತೂಗಾಡಿದಾಗ ಅಣ್ಣ ಅದರ ಮೇಲೆ ಕೈ ಇಟ್ಟು ನಿಲ್ಲಿಸಿದರು. "ಒಳ್ಳೆ ಇಂಜಿನ್ನು. ಚೆನ್ನಾಗಿ ದುಡಿದಿದೆ," ಅಂದರು. ನನಗೂ ಗಂಟಲು ಕಟ್ಟಿತು. ಎಷ್ಟೋ ರಾತ್ರಿ ನಮ್ಮನ್ನು ದಡ ಸೇರಿಸಿದ್ದು ಅದೇ ಅಲ್ವಾ.

ಬೂಮನ್ನು ಜೆಟ್ಟಿಯ ಕಡೆ ತಳ್ಳಿದೆವು. ಭಾರ ಹೊರಗೆ ಹೋದಂತೆ ದೋಣಿಯೂ ಅದರ ಹಿಂದೆಯೇ ವಾಲಿತು. ಇಂಜಿನ್ ಹಲಗೆಯ ಮೇಲೆ ಕೂತ ಕ್ಷಣ ದೋಣಿ ಮೈ ಕೊಡವಿಕೊಂಡು ನೆಟ್ಟಗಾಯಿತು. ಹಾಯಿಕಂಬದ ತುದಿ ಎಷ್ಟೋ ಹೊತ್ತು ಆಡುತ್ತಲೇ ಇತ್ತು.

ಆಮೇಲಿನದ್ದು ಮೂರು ದಿನ ಬರೀ ತೊಳೆಯುವ ಕೆಲಸ. ಇಂಜಿನ್ ಕೆಳಗಿನ ಗುಂಡಿಯಲ್ಲಿ ಕಪ್ಪು ಎಣ್ಣೆಯ ಕೆಸರು. ಅದನ್ನು ಬಟ್ಟೆಯಲ್ಲಿ ಹೀರಿ, ಡಬ್ಬದಲ್ಲಿ ತುಂಬಿ, ಹಳೆ ಎಣ್ಣೆ ತೆಗೆದುಕೊಳ್ಳುವವರಿಗೆ ಕೊಟ್ಟೆ. ಒಂದು ಹನಿಯೂ ಸಮುದ್ರಕ್ಕೆ ಹೋಗಬಾರದು ಅಂತ ಮನಸ್ಸಿನಲ್ಲಿತ್ತು. ಕೆಸರಿನ ತಳದಲ್ಲಿ ವರ್ಷಗಳ ಹಿಂದೆ ಕಳೆದುಹೋಗಿದ್ದ 13 ನಂಬರ್ ಸ್ಪ್ಯಾನರ್ ಸಿಕ್ಕಿತು. ಒರೆಸಿ ಎಣ್ಣೆ ಹಚ್ಚಿ ಇಟ್ಟೆ. ಮೋಟಾರಿನ ಬೋಲ್ಟು ಬಿಗಿಮಾಡಿದ್ದು ಅದರಲ್ಲೇ.

ದೋಣಿಯನ್ನು ನೀರಿನಿಂದ ಮೇಲೆತ್ತಿ, ಇಂಜಿನ್‌ಗೆ ನೀರು ತರುತ್ತಿದ್ದ ತೂತನ್ನೂ ಹೊಗೆ ಹೋಗುತ್ತಿದ್ದ ತೂತನ್ನೂ ಫೈಬರ್‌ಗ್ಲಾಸ್‌ನಿಂದ ಮುಚ್ಚಿದೆವು. ದೋಣಿಯಲ್ಲಿ ತೂತು ಎಷ್ಟು ಕಮ್ಮಿಯೋ ಅಷ್ಟು ನೆಮ್ಮದಿ. ಶಾಫ್ಟಿನ ರಬ್ಬರ್ ಬೇರಿಂಗ್ ಸವೆದಿತ್ತು, ಅದನ್ನೂ ಬದಲಾಯಿಸಿದೆವು.

ಮೋಟಾರ್ ನೋಡಿದವರೆಲ್ಲ ಮೊದಲು ಕೇಳುವುದು "ಇಷ್ಟೇನಾ?" ಅಂತ. 16 ಕಿಲೋ, ಒಂದು ದೊಡ್ಡ ಡಬರಿಯಷ್ಟು ಗಾತ್ರ. ಒಳಗೆ ಕಾಯಂ ಅಯಸ್ಕಾಂತ, ಬ್ರಶ್ ಇಲ್ಲ. ಸ್ವಲ್ಪ ಹೊತ್ತಿಗೆ 10 ಕಿಲೋವ್ಯಾಟ್, ಸತತವಾಗಿ 5 ಕಿಲೋವ್ಯಾಟ್ ಕೊಡುತ್ತದೆ. ಡೀಸೆಲ್ ಇಂಜಿನ್ನು ವೇಗವಾಗಿ ತಿರುಗಿದಾಗ ಮಾತ್ರ ಪೂರ್ತಿ ಬಲ ಕೊಡುತ್ತದೆ. ಮೋಟಾರ್ ನಿಂತಲ್ಲಿಂದಲೇ ಪೂರ್ತಿ ತಿರುಚು ಬಲ ಕೊಡುತ್ತದೆ. ಅದಕ್ಕೇ ಕಿಲೋವ್ಯಾಟ್ ಸಂಖ್ಯೆ ಚಿಕ್ಕದಾದರೂ ಜೆಟ್ಟಿಯ ಹತ್ತಿರ ದೋಣಿ ತಿರುಗಿಸುವಾಗ ಕೊರತೆ ಅನಿಸುವುದಿಲ್ಲ. ಮೋಟಾರ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಪ್ರೊಪೆಲರ್‌ಗೆ ಅಷ್ಟು ಬೇಡ, 1,300 ಸಾಕು. ನಡುವೆ ಹಲ್ಲಿನ ಬೆಲ್ಟ್ ಮತ್ತು ಎರಡು ಪುಲ್ಲಿ ಹಾಕಿದೆವು.

ಇಲ್ಲಿ ಎಷ್ಟೋ ಜನ ಮರೆಯುವ ಸಂಗತಿ ಒಂದಿದೆ. ಪ್ರೊಪೆಲರ್ ನೀರನ್ನು ಹಿಂದಕ್ಕೆ ತಳ್ಳಿದಾಗ ಶಾಫ್ಟ್ ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ನಮ್ಮ ದೋಣಿಯಲ್ಲಿ ಪೂರ್ತಿ ವೇಗಕ್ಕೆ ಈ ತಳ್ಳುವ ಬಲ ನೂರು ಕಿಲೋ ಭಾರಕ್ಕಿಂತ ಜಾಸ್ತಿ. ಮೊದಲು ಅದನ್ನು ತಡೆಯುತ್ತಿದ್ದದ್ದು ಗೇರ್‌ಬಾಕ್ಸ್. ಅದು ಹೋದ ಮೇಲೆ ಯಾರು ತಡೆಯಬೇಕು? ಮೋಟಾರಿನ ಬೇರಿಂಗ್ ಅದಕ್ಕೆ ಮಾಡಿದ್ದಲ್ಲ. ಹಾಗಾಗಿ ಮೋಟಾರ್ ಕೂರುವ ಚೌಕಟ್ಟಿನಲ್ಲೇ ಬೇರೆ ಥ್ರಸ್ಟ್ ಬೇರಿಂಗ್ ಇರಬೇಕು. ನಮ್ಮ ಮೊದಲ ಚೌಕಟ್ಟಿನ ನಕ್ಷೆಯಲ್ಲಿ ಅದು ಇರಲಿಲ್ಲ. ಅಣ್ಣ ನಕ್ಷೆ ನೋಡಿದ ಕೂಡಲೇ ಅಲ್ಲಿಗೇ ಬೆರಳಿಟ್ಟರು. ಅವರು ಎಲೆಕ್ಟ್ರಿಕ್ ಮೋಟಾರಿನ ದೋಣಿಯಲ್ಲಿ ಕೆಲಸ ಮಾಡಿದವರೇ ಅಲ್ಲ, ಆದರೆ ಶಾಫ್ಟ್ ಎಲ್ಲಿ ತಳ್ಳುತ್ತದೆ ಅಂತ ಅವರಿಗೆ ಗೊತ್ತು.

ಇನ್ನು ಅಲೈನ್‌ಮೆಂಟ್. ಶಾಫ್ಟಿನ ಕಪ್ಲಿಂಗ್ ಒಂದು ಬಿಲ್ಲೆ, ಮೋಟಾರ್ ಕಡೆಯ ಕಪ್ಲಿಂಗ್ ಇನ್ನೊಂದು ಬಿಲ್ಲೆ. ಎರಡೂ ಮುಖಕ್ಕೆ ಮುಖ ಕೂರಬೇಕು. ನಡುವಿನ ಸಂದು ಸುತ್ತಲೂ ಒಂದೇ ಇರಬೇಕು, ವ್ಯತ್ಯಾಸ 0.1 ಮಿಲಿಮೀಟರ್ ದಾಟಬಾರದು. ಫೀಲರ್ ಗೇಜ್ ಅಂತ ಕಾಗದದಷ್ಟು ತೆಳುವಾದ ಉಕ್ಕಿನ ಎಲೆಗಳಿರುತ್ತವೆ. ಅದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತೂರಿಸಿ ನೋಡುವುದು. ದೋಣಿ ನೆಲದ ಮೇಲಿದ್ದಾಗ ಒಂದು ಇಡೀ ಮಧ್ಯಾಹ್ನ ಕೂತು ಸರಿ ಮಾಡಿದೆ. ನಾಲ್ಕೂ ಕಡೆ ಅದೇ ಎಲೆ ಅದೇ ಬಿಗಿಯಲ್ಲಿ ಜಾರುತ್ತಿತ್ತು. ತುಂಬಾ ಖುಷಿಯಾಯಿತು.

ನೀರಿಗಿಳಿಸಿದ ಮೇಲೆ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ ಅಂತ ಅಣ್ಣ ಹೇಳಿದ್ದರು. ನಾನು ಕಾಯಲಿಲ್ಲ. ಅವತ್ತೇ ಓಡಿಸಿದೆ. ಎರಡು ನಾಟ್‌ವರೆಗೆ ಚೆನ್ನಾಗಿತ್ತು, ಆಮೇಲೆ ಕಾಲಡಿಯ ಹಲಗೆಯಲ್ಲಿ ಸಣ್ಣ ನಡುಕ ಶುರುವಾಯಿತು. ನಿಲ್ಲಿಸಿ, ಕಪ್ಲಿಂಗ್ ಬಿಚ್ಚಿ ಅಳೆದರೆ ಕೆಳಗಿನ ಸಂದು ಮೇಲಿನದಕ್ಕಿಂತ 0.3 ಮಿಲಿಮೀಟರ್ ಜಾಸ್ತಿ. ದೋಣಿಯನ್ನು ನೆಲದ ಮೇಲೆ ಆಸರೆ ಕೊಟ್ಟು ನಿಲ್ಲಿಸಿದಾಗ ಅದರ ಮೈ ಒಂದು ಆಕಾರದಲ್ಲಿರುತ್ತದೆ. ನೀರು ಸುತ್ತಲಿಂದ ಎತ್ತಿ ಹಿಡಿದಾಗ ಇನ್ನೊಂದು ಆಕಾರ. ಹಾಯಿಕಂಬದ ತಂತಿಗಳನ್ನು ಬಿಗಿಮಾಡಿದರೂ ಅದು ಬದಲಾಗುತ್ತದೆ. ಮರುದಿನ ತಂತಿ ಬಿಗಿಮಾಡಿಕೊಂಡು, ತಲೆಗೆ ದೀಪ ಕಟ್ಟಿಕೊಂಡು, ಹೊಟ್ಟೆ ಅಡಿ ಮಾಡಿ ಮಲಗಿ ಮತ್ತೆ ಶುರು ಮಾಡಿದೆ. ಹಿಂದಿನ ಎರಡು ಮೌಂಟ್‌ಗಳ ನಟ್ಟನ್ನು ಎಂಟನೇ ಒಂದು ಸುತ್ತು ತಿರುಗಿಸುವುದು, ಅಳೆಯುವುದು. ಮತ್ತೆ ಎಂಟನೇ ಒಂದು ಸುತ್ತು. ನಾಲ್ಕು ಗಂಟೆ ಹಿಡಿಯಿತು. ಕೊನೆಗೆ ಸಂದು ಸರಿಹೋಯಿತು. ಆ ನಡುಕ ಮತ್ತೆ ಬರಲಿಲ್ಲ.

ಬ್ಯಾಟರಿ ಕಟ್ಟಿದ್ದು ಗೆಳೆಯ, ಕೈಯಾಳು ನಾನು. ಒಂದೊಂದೂ 3.2 ವೋಲ್ಟ್, 280 ಆಂಪಿಯರ್ ಅವರ್‌ನ 16 ಸೆಲ್‌ಗಳು. ಸಾಲಾಗಿ ಜೋಡಿಸಿದರೆ 51.2 ವೋಲ್ಟ್. ಅಲ್ಲಿಗೆ 14.3 ಯೂನಿಟ್ ಆಯಿತು. ಪೂರ್ತಿ ತುಂಬಿದಾಗಲೂ 60 ವೋಲ್ಟ್ ದಾಟುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಮುಟ್ಟಿದವರಿಗೆ ಅಪಾಯ ಜಾಸ್ತಿ, ನಿಯಮಗಳೂ ಬೇರೆ. ಎಲ್ಲಾ ಸೆಲ್ ಸೇರಿ ತೂಕ 90 ಕಿಲೋ ಒಳಗೆ. ಎಂಟೆಂಟರ ಎರಡು ಪೆಟ್ಟಿಗೆ ಮಾಡಿ ಹಳೆ ಡೀಸೆಲ್ ಟ್ಯಾಂಕಿನ ಜಾಗದಲ್ಲಿ, ಆದಷ್ಟು ಕೆಳಗೆ ಕೂರಿಸಿದೆವು.

ಅದಕ್ಕೂ ಮೊದಲು ಹದಿನಾರೂ ಸೆಲ್‌ಗಳು ಒಂದೇ ಮಟ್ಟಕ್ಕೆ ಬರಬೇಕು. ಒಂದು ಸೆಲ್ ಹಿಂದೆ ಬಿದ್ದರೂ ಇಡೀ ಸಾಲು ಅದಕ್ಕಾಗಿ ನಿಲ್ಲಬೇಕಾಗುತ್ತದೆ. ಮೊದಲು ಸಾಲಾಗಿ ಜೋಡಿಸಿ ಚಾರ್ಜ್ ಮಾಡಿದೆವು. ಆಮೇಲೆ ಬಿಚ್ಚಿ, ಎಲ್ಲವನ್ನೂ ಅಕ್ಕಪಕ್ಕ ಸಮಾಂತರವಾಗಿ ಕಟ್ಟಿ, 3.65 ವೋಲ್ಟ್‌ಗೆ ಇಟ್ಟು, ಒಳಗೆ ಹೋಗುವ ಕರೆಂಟ್ ಸೊನ್ನೆಯ ಹತ್ತಿರ ಬರುವವರೆಗೆ ಬಿಟ್ಟೆವು. ಎರಡು ದಿನ ಬೇಕಾಯಿತು. ಆ ಎರಡು ದಿನವೂ ಯಾರಾದರೊಬ್ಬರು ಪಕ್ಕದಲ್ಲೇ ಇದ್ದೆವು. ದಿನಬಳಕೆಯಲ್ಲಿ ಅಷ್ಟು ಮೇಲಕ್ಕೆ ಒಯ್ಯುವುದಿಲ್ಲ. ಸೆಲ್‌ಗೆ 3.5 ವೋಲ್ಟ್, ಅಂದರೆ ಒಟ್ಟು 56 ವೋಲ್ಟ್‌ಗೆ ಚಾರ್ಜರ್ ನಿಲ್ಲುತ್ತದೆ. ಸೆಲ್‌ಗಳ ಆಯಸ್ಸಿಗೆ ಅದು ಒಳ್ಳೆಯದು.

ಈ ಕೆಲಸದಲ್ಲಿ ಭಯ ಇರಬೇಕು. 51 ವೋಲ್ಟ್ ಕೈಗೆ ಹೊಡೆಯಲಿಕ್ಕಿಲ್ಲ. ಆದರೆ ಒಂದು ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ ಮೇಲೆ ಬಿದ್ದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಸ್ಪ್ಯಾನರ್‌ಗಳ ತುದಿ ಬಿಟ್ಟು ಉಳಿದ ಕಡೆಯೆಲ್ಲ ಟೇಪ್ ಸುತ್ತಿದೆವು. ಉಂಗುರ, ವಾಚು ತೆಗೆದಿಟ್ಟೆವು. ಬ್ಯಾಟರಿಯ ಪಕ್ಕದಲ್ಲೇ 250 ಆಂಪಿಯರ್‌ನ ಕ್ಲಾಸ್ ಟಿ ಫ್ಯೂಸ್ ಹಾಕಿದೆವು. ಸಾದಾ ಫ್ಯೂಸ್ ಇಂಥ ಬ್ಯಾಟರಿಗೆ ಸಾಲದು. ಅದು ಸುಟ್ಟುಹೋದ ಮೇಲೂ ನಡುವಿನ ಕಿಡಿಯ ಮೂಲಕ ಕರೆಂಟ್ ಹರಿಯುತ್ತಲೇ ಇರಬಹುದು. ಈ ಫ್ಯೂಸ್ 20,000 ಆಂಪಿಯರ್‌ವರೆಗೂ ಕತ್ತರಿಸಬಲ್ಲದು. ದಯವಿಟ್ಟು ಇದೊಂದರಲ್ಲಿ ಉಳಿತಾಯ ಮಾಡಬೇಡಿ.

ಮೊದಲ ಸಲ ಮುಖ್ಯ ಸ್ವಿಚ್ ತಿರುಗಿಸಿದ್ದು ನಾನು. ಟಪ್ ಅಂತ ಸದ್ದು, ಸ್ವಿಚ್ಚಿನ ಸಂದಿನಲ್ಲಿ ನೀಲಿ ಬೆಳಕು. ಕೈ ಹಿಂದಕ್ಕೆಳೆದುಕೊಂಡೆ. ಗೆಳೆಯ ಎಲ್ಲವನ್ನೂ ಆಫ್ ಮಾಡಿ, ಸ್ವಿಚ್ ಬಿಚ್ಚಿ ತೋರಿಸಿದ. ತಾಮ್ರದ ಮುಖದ ಮೇಲೆ ಎಳ್ಳುಕಾಳಿನಷ್ಟು ಗುಳಿ ಬಿದ್ದಿತ್ತು.

"ಮೋಟಾರಿಗೆ ಕರೆಂಟ್ ಹದವಾಗಿ ಕೊಡೋ ಕಂಟ್ರೋಲರ್ ಒಳಗೆ ದೊಡ್ಡ ಕೆಪಾಸಿಟರ್ ಇರುತ್ತೆ. ಖಾಲಿ ಇದ್ದಾಗ ಅದು ಬ್ಯಾಟರಿಗೆ ಶಾರ್ಟ್ ಸರ್ಕ್ಯೂಟ್ ಇದ್ದಂಗೆ," ಅಂದ. "ಮೊದಲು ಒಂದು ರೆಸಿಸ್ಟರ್ ಮೂಲಕ ನಿಧಾನ ತುಂಬಿಸಬೇಕು. ಆಮೇಲೆ ಸ್ವಿಚ್ಚು. ನಾನು ಹೇಳಬೇಕಿತ್ತು, ಮರೆತೆ ಮಾರಾಯ."

ಸ್ವಿಚ್ ಬದಲಾಯಿಸಿದೆವು. ಈಗ ಕೀ ತಿರುಗಿಸಿದರೆ ಎರಡು ಸೆಕೆಂಡ್ ರೆಸಿಸ್ಟರ್ ಮೂಲಕ ತುಂಬಿ, ಆಮೇಲೆ ಕಾಂಟ್ಯಾಕ್ಟರ್, ಅಂದರೆ ಕರೆಂಟಿನಿಂದಲೇ ಕೆಲಸ ಮಾಡುವ ದೊಡ್ಡ ಸ್ವಿಚ್, ಟಕ್ ಅಂತ ಕೂರುತ್ತದೆ. ಆ ಟಕ್ ಕೇಳಿದ ಮೇಲೆಯೇ ಹಗ್ಗ ಬಿಚ್ಚುವುದು.

ಇನ್ನೊಂದು ತೊಂದರೆ ನಾವು ಊಹಿಸಿಯೇ ಇರಲಿಲ್ಲ. ಡೀಸೆಲ್ ತೆಗೆದ ಮೇಲೆ ಒಳಗಿನ ದೀಪ, ರೇಡಿಯೋ, ಆಳ ತೋರಿಸುವ ಮೀಟರ್ ಒಂದೂ ಹತ್ತಲಿಲ್ಲ. 12 ವೋಲ್ಟ್ ಬ್ಯಾಟರಿ ಸರಿ ಇತ್ತು, ವೈರು ಸರಿ ಇತ್ತು. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು. ಇಡೀ ದೋಣಿಯ ನೆಗೆಟಿವ್ ವೈರುಗಳು ಬಂದು ಸೇರುತ್ತಿದ್ದದ್ದು ಇಂಜಿನ್ನಿನ ಕಬ್ಬಿಣದ ಮೈಗೆ. ಆ ಮೈಯೇ ಜೆಟ್ಟಿ ಮೇಲಿತ್ತು! ತಾಮ್ರದ ಪಟ್ಟಿ ಹಾಕಿ ಎಲ್ಲವನ್ನೂ ಅಲ್ಲಿಗೆ ತಂದೆವು. ಮೋಟಾರಿನ ದೊಡ್ಡ ಬ್ಯಾಟರಿ ಕಡೆಯ ನೆಗೆಟಿವ್ ಮತ್ತು ಶಾಫ್ಟ್ ಎಲ್ಲಿಯೂ ಸೇರದಂತೆ ನೋಡಿಕೊಂಡೆವು. ಅವು ಸೇರಿದರೆ ನೀರಿನ ಮೂಲಕ ಕರೆಂಟ್ ಸೋರಿ ಪ್ರೊಪೆಲರ್ ತಿಂದುಹೋಗಬಹುದು. 12 ವೋಲ್ಟ್ ಬ್ಯಾಟರಿ ತುಂಬಲು ದೊಡ್ಡ ಬ್ಯಾಟರಿಯಿಂದ ಬೇರೆ ಕನ್ವರ್ಟರ್ ಹಾಕಿದೆವು.

ಅಲೈನ್‌ಮೆಂಟ್ ಸರಿಯಾದ ಮರುದಿನ ಬೆಳಿಗ್ಗೆ ಮೂವರೂ ಹೊರಟೆವು. ಕೀ, ಟಕ್, ಲಿವರ್ ಒಂದು ಬೆರಳಿನಷ್ಟು ಮುಂದಕ್ಕೆ. ಏನೂ ಆಗಲಿಲ್ಲ ಅಂದುಕೊಂಡೆ. ನೋಡಿದರೆ ಜೆಟ್ಟಿ ಹಿಂದಕ್ಕೆ ಹೋಗುತ್ತಿದೆ. ಬೆಲ್ಟಿನ ಸಣ್ಣ ಗುಂಯ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೂತಿಯಲ್ಲಿ ನೀರು ಸೀಳುವ ಸದ್ದು ಕೇಳುತ್ತಿತ್ತು. ಎಷ್ಟೋ ವರ್ಷಗಳಿಂದ ಅದೇ ಕಾಲುವೆಯಲ್ಲಿ ಹೋಗುತ್ತಿದ್ದೇನೆ. ಹಾಯಿ ಏರಿಸುವ ಮೊದಲು ಆ ಸದ್ದು ಕೇಳಿದ್ದು ಅದೇ ಮೊದಲು. ಅಣ್ಣ ಮುಂದೆ ಹೋಗಿ ಕೂತವರು ಬಹಳ ಹೊತ್ತು ಮಾತಾಡಲಿಲ್ಲ.

ಗಾಳಿ ಇಲ್ಲದ, ಸೆಳೆತ ಇಲ್ಲದ ನೀರಿನಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ಬರೆದುಕೊಂಡೆವು. 3 ನಾಟ್‌ಗೆ ಮುಕ್ಕಾಲು ಕಿಲೋವ್ಯಾಟ್. 4 ನಾಟ್‌ಗೆ 1.8. 5 ನಾಟ್‌ಗೆ 4.2. ಲಿವರ್ ಪೂರ್ತಿ ಒತ್ತಿದರೆ 5.8 ನಾಟ್, ಅದಕ್ಕೆ 8 ಕಿಲೋವ್ಯಾಟ್. ಕಡೆಯ ಆ 0.8 ನಾಟ್‌ಗೆ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು! ಬ್ಯಾಟರಿಯಲ್ಲಿ ನೂರಕ್ಕೆ 80 ಪಾಲು ಬಳಸುತ್ತೇವೆ ಅಂತಿಟ್ಟುಕೊಂಡರೆ ಪೂರ್ತಿ ವೇಗದಲ್ಲಿ 8 ನಾಟಿಕಲ್ ಮೈಲಿ ಹೋಗಬಹುದು. 4 ನಾಟ್‌ನಲ್ಲಿ 25 ಮೈಲಿ. 3 ನಾಟ್‌ನಲ್ಲಿ ತಾಳ್ಮೆಯಿಂದ ಕೂತರೆ 45. ಬ್ಯಾಟರಿ ಅದೇ, ಮೋಟಾರ್ ಅದೇ. ಈ ನಾಲ್ಕು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಚುಕ್ಕಾಣಿಯ ಪಕ್ಕ ಅಂಟಿಸಿದ್ದೇನೆ.

ಈ ಬ್ಯಾಟರಿಯಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗುವುದಿಲ್ಲ. ಮುಕ್ಕಾಲು ಖಾಲಿಯಾಗುವವರೆಗೂ ವೋಲ್ಟ್ ಹೆಚ್ಚು ಕದಲುವುದಿಲ್ಲ, ಆಮೇಲೆ ಒಮ್ಮೆಲೇ ಬೀಳುತ್ತದೆ. ಒಳಗೆ ಬಂದ ಕರೆಂಟ್, ಹೊರಗೆ ಹೋದ ಕರೆಂಟ್ ಎಣಿಸುವ ಶಂಟ್ ಮೀಟರ್ ಬೇಕೇ ಬೇಕು. ಅದೇ ಈಗ ನಮ್ಮ ಟ್ಯಾಂಕಿನ ಮುಳ್ಳು.

ಹಾಯಿಯಲ್ಲಿ ಹೋಗುವಾಗ ಪ್ರೊಪೆಲರ್ ತಾನೇ ತಿರುಗಿ ಬ್ಯಾಟರಿ ತುಂಬುತ್ತದೆ ಅನ್ನುವುದನ್ನು ಬಹಳ ಜನ ದೊಡ್ಡದಾಗಿ ಹೇಳುತ್ತಾರೆ. ನಮ್ಮ ದೋಣಿಯಲ್ಲಿ 5 ನಾಟ್‌ಗೆ 80 ವ್ಯಾಟ್, 6 ನಾಟ್‌ಗೆ 180 ವ್ಯಾಟ್ ಸಿಗುತ್ತದೆ, ವೇಗ ಸ್ವಲ್ಪ ಕಮ್ಮಿಯಾಗುತ್ತದೆ. ದಿನಗಟ್ಟಲೆ ಜೋರು ಗಾಳಿಯಲ್ಲಿ ಓಡುವವರಿಗೆ ಅದು ನಿಜವಾದ ಲಾಭ. ನಮ್ಮಂಥವರಿಗೆ ಜೆಟ್ಟಿಯ ಪ್ಲಗ್ಗು ಮತ್ತು 400 ವ್ಯಾಟ್ ಸೋಲಾರ್ ಹಲಗೆಗಳೇ ಆಧಾರ. ಒಳ್ಳೆ ಬಿಸಿಲಿನ ದಿನ ಅವು ಒಂದೂವರೆ ಯೂನಿಟ್ ಕೊಡುತ್ತವೆ. ಬಂದರಿನಿಂದ ಹೊರಹೋಗಿ ಒಳಬರಲು ಅಷ್ಟು ಸಾಕು.

ಸದ್ದಿಲ್ಲದಿರುವುದರಲ್ಲಿ ಅಪಾಯವೂ ಇದೆ. ಡೀಸೆಲ್ ಓಡುತ್ತಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಮೋಟಾರ್ ಆನ್ ಆಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರದ್ದಾದರೂ ಮೊಣಕಾಲು ಲಿವರ್‌ಗೆ ತಾಗಿದರೆ ಪ್ರೊಪೆಲರ್ ತಿರುಗುತ್ತದೆ. ಅದಕ್ಕೇ ದೊಡ್ಡ ಕೆಂಪು ದೀಪ ಹಾಕಿದ್ದೇವೆ. ಯಾರೇ ನೀರಿಗಿಳಿಯುವುದಿದ್ದರೂ ಕೀ ನನ್ನ ಜೇಬಿನಲ್ಲಿರುತ್ತದೆ.

ಗಾಳಿ ಇಲ್ಲದ ಕಡೆ ದಿನಕ್ಕೆ ಐದಾರು ಗಂಟೆ ಇಂಜಿನ್ನಿನಲ್ಲೇ ಹೋಗುವವರು, ಹೇಳಿದ ಹೊತ್ತಿಗೆ ತಲುಪಲೇಬೇಕಾದವರು ಡೀಸೆಲ್ ಇಟ್ಟುಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾನು ಇದನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲು ಒಂದು ವರ್ಷ ನೋಟ್‌ಬುಕ್ ಬರೆಯಿರಿ.

ನನ್ನ ನೋಟ್‌ಬುಕ್ಕಿನ ಆ ಕಷ್ಟದ ದಿನ ಮತ್ತೆ ಬಂದೇ ಬಂತು. ಎರಡು ದಿನ ಹೊರಗಿದ್ದು ವಾಪಸ್ ಬರುತ್ತಿದ್ದೆವು. ನಾನು, ಗೆಳೆಯ ಇಬ್ಬರೇ. ಗಾಳಿ ನೇರ ಮೂತಿಗೆ, 20 ನಾಟ್. ಅಳಿವೆಯಲ್ಲಿ ಇಳಿತದ ನೀರು 2 ನಾಟ್ ವೇಗದಲ್ಲಿ ಹೊರಗೆ ಹರಿಯುತ್ತಿತ್ತು. ಜೆಟ್ಟಿಗೆ 3 ಮೈಲಿ. ಮೀಟರಿನಲ್ಲಿ ನೂರಕ್ಕೆ 46.

ಡೀಸೆಲ್ ಇದ್ದಿದ್ದರೆ ಲಿವರ್ ತಳ್ಳಿ ನುಗ್ಗುತ್ತಿದ್ದೆವು. ಈಗ ಗೆಳೆಯ ಚುಕ್ಕಾಣಿ ಹಿಡಿದ, ನಾನು ಪೆನ್ಸಿಲ್ ಹಿಡಿದೆ. ನೀರಿನಲ್ಲಿ 4 ನಾಟ್ ಓಡಿದರೂ ನೆಲದ ಲೆಕ್ಕಕ್ಕೆ 2 ನಾಟ್. ಒಂದೂವರೆ ಗಂಟೆ ಬೇಕು. ಎದುರು ಗಾಳಿಗೆ ಮೂರೂವರೆ ಕಿಲೋವ್ಯಾಟ್ ಆದರೂ ಹಿಡಿಯಬೇಕು. ಐದು ಯೂನಿಟ್ ಮೇಲಾಯಿತು. ತಲುಪುವಾಗ ಮೀಟರಿನಲ್ಲಿ 10 ಕೂಡ ಉಳಿಯುವುದಿಲ್ಲ. ನಡುವೆ ಏನಾದರೂ ಹೆಚ್ಚುಕಮ್ಮಿಯಾದರೆ ಕೈಯಲ್ಲಿ ಏನೂ ಇಲ್ಲ.

"ಇಳಿತ ಎಷ್ಟೊತ್ತಿಗೆ ನಿಲ್ಲುತ್ತೆ?" ಅಂತ ಕೇಳಿದ.

"ಎರಡೂವರೆ ಗಂಟೆ."

"ಹಾಗಾದ್ರೆ ಲಂಗರು ಹಾಕು."

ಗುಡ್ಡದ ಮರೆಗೆ ಹೋಗಿ ಲಂಗರು ಇಳಿಸಿದೆವು. ಅಲ್ಲಿ ಗಾಳಿ ಅರ್ಧಕ್ಕೆ ಇಳಿದಿತ್ತು. ಅವನು ಒಳಗೆ ಹೋಗಿ ಮಲಗಿದ. ನಾನು ಮೇಲೆ ಕೂತು ನೀರು ನೋಡುತ್ತಿದ್ದೆ. ಲಂಗರಿನ ಹಗ್ಗಕ್ಕೆ ಸಿಕ್ಕಿ ಹಿಂದಕ್ಕೆ ಬಾಲ ಬಿಡುತ್ತಿದ್ದ ನೊರೆ ನಿಧಾನ ಸಣ್ಣದಾಯಿತು. ಆಮೇಲೆ ನಿಂತಿತು. ಕತ್ತಲಾಗುವ ಹೊತ್ತಿಗೆ ಹಗ್ಗ ಸಡಿಲಾಗಿ, ದೋಣಿ ಮೆಲ್ಲಗೆ ಇನ್ನೊಂದು ಕಡೆ ತಿರುಗಿತು. ಉಬ್ಬರ ಶುರುವಾಗಿತ್ತು. ಗಾಳಿಯೂ ಬಿದ್ದಿತ್ತು.

ಅವನನ್ನು ಎಬ್ಬಿಸಿದೆ. ನೀರು ಚೆನ್ನಾಗಿ ಒಳಗೆ ಹರಿಯುವವರೆಗೆ ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಲಂಗರು ಎತ್ತಿದೆವು. ಲಿವರ್ 3 ನಾಟ್‌ಗೆ ಇಟ್ಟೆ. ಉಬ್ಬರದ ನೀರು ಹಿಂದಿನಿಂದ ಒಂದೂವರೆ ನಾಟ್ ಸೇರಿಸಿತು. ಮೋಟಾರ್ ಎಳೆಯುತ್ತಿದ್ದದ್ದು 18 ಆಂಪಿಯರ್. ಎರಡೂ ದಡದಲ್ಲಿ ದೀಪ ಹತ್ತಿದ್ದವು. ದಡದಲ್ಲಿ ಯಾರೋ ಬಾಗಿಲು ಹಾಕಿದ್ದು ಕೂಡ ಕೇಳಿಸಿತು. ನಲವತ್ತು ನಿಮಿಷಕ್ಕೆ ಜೆಟ್ಟಿ ಬಂತು. ಗೆಳೆಯ ಹಗ್ಗ ಕಟ್ಟಿ ಬಂದು, ಬಗ್ಗಿ ಮೀಟರ್ ನೋಡಿದ.

"41," ಅಂದ. ನಾನು ನೀಲಿ ನೋಟ್‌ಬುಕ್ ತೆಗೆದು ಬರೆದುಕೊಂಡೆ.